ಕಬ್ಬಿನ ನಾಡಿನಲ್ಲಿ ಸಿಹಿ ಒಲ್ಲದ ಹುಡುಗಿ

ಚಳಿಗಾಲ ಕಾಲಿಟ್ಟಿತೆಂದರೆ ಕೃಷ್ಣೆ, ದೂಧಗಂಗೆ, ವೇದಗಂಗೆಯರ ದಂಡೆಯ ನಮ್ಮ ಸೀಮೆಯ ಗಾಳಿಗೇ ಒಂದು ಸಿಹಿ ವಾಸನೆ ಹತ್ತಿಕೊಳ್ಳುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಾರ್ಖಾನೆಗಳತ್ತ ತೆವಳುತ್ತಿರುತ್ತದೆ. ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಭಾಗದ ಸಾಲ, ಮದುವೆ, ಮನೆ, ರಾಜಕಾರಣ ಎಲ್ಲವೂ ಕಬ್ಬಿನ ಸುತ್ತಲೇ ತಿರುಗುತ್ತ ಬಂದಿವೆ. ಬಂದವರ ಕೈಗೆ ಮೊದಲು ಬೆಲ್ಲ ಮತ್ತು ನೀರು ಇಡುವುದು ನಮ್ಮ ರೂಢಿ. ನಾಗರ ಪಂಚಮಿಗೆ ಉಂಡಿ, ಸಂಕ್ರಾಂತಿಗೆ ಕುಸುರೆಳ್ಳು, ಹಬ್ಬಕ್ಕೆ ಹೋಳಿಗೆ. ಗಡಿಯ ಮರಾಠಿಯ ಪ್ರಭಾವದಿಂದ ಮದುವೆಯ ನಿಶ್ಚಯಕ್ಕೂ ಇಲ್ಲಿ ಸಕ್ಕರೆಯ ಹೆಸರೇ: ಸಾಖರಪುಡಾ.

ಇಂಥ ನಾಡಿನಲ್ಲಿ ಸಿಹಿಯನ್ನು ಒಲ್ಲೆ ಎನ್ನುವ ಒಬ್ಬ ಹುಡುಗಿಯನ್ನು ನಾವು ಯಾವ ಕಣ್ಣಿನಿಂದ ನೋಡಿದೆವು ಎಂಬುದನ್ನು ಬರೆಯಬೇಕಾಗಿದೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೇಳುವ ಸಂಗತಿಯಲ್ಲಿ ನನ್ನದೂ ಒಂದು ತಪ್ಪಿದೆ. ಹುಡುಗಿಯ ಹೆಸರನ್ನಾಗಲಿ, ಊರನ್ನಾಗಲಿ, ಶಾಲೆಯನ್ನಾಗಲಿ ಇಲ್ಲಿ ಹೇಳುವುದಿಲ್ಲ. ಅವಳ ಮತ್ತು ಅವಳ ಮನೆಯವರ ಒಪ್ಪಿಗೆ ಪಡೆದೇ ಇಷ್ಟನ್ನು ಬರೆಯುತ್ತಿದ್ದೇನೆ.

ರಾಜ್ಯದ ಶಾಲಾ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಯೋಜನೆ 2022-23ನೇ ಸಾಲಿನಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಅಪೌಷ್ಟಿಕತೆಯ ವಿರುದ್ಧ ಅದೊಂದು ಒಳ್ಳೆಯ ಹೆಜ್ಜೆಯಾಗಿತ್ತು. ನಮ್ಮ ಭಾಗದಲ್ಲಿ ಜೈನ ಒಕ್ಕಲು ಮನೆತನಗಳು ಬಹಳ. ಆ ಮಕ್ಕಳು ಮೊಟ್ಟೆ ಮುಟ್ಟುವುದಿಲ್ಲ, ಆದ್ದರಿಂದ ಅವರ ಪಾಲಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಎಂಟನೆಯ ತರಗತಿಯಲ್ಲಿದ್ದ ಈ ಹುಡುಗಿ ಎರಡನ್ನೂ ತಿನ್ನುತ್ತಿರಲಿಲ್ಲ. ಪಕ್ಕದವಳ ಕೈಗೆ ದಾಟಿಸುತ್ತಿದ್ದಳು, ಇಲ್ಲವೇ ಚೀಲದಲ್ಲಿ ಅಡಗಿಸಿಕೊಂಡು ಹೋಗಿ ದಾರಿಯಲ್ಲಿ ದನಕ್ಕೆ ಹಾಕುತ್ತಿದ್ದಳು. ಕ್ಷೀರಭಾಗ್ಯದ ಹಾಲಿಗೆ ಸಕ್ಕರೆ ಹಾಕಿದ ದಿನ ಅದನ್ನೂ ಚೆಲ್ಲುತ್ತಿದ್ದಳು. ವಯಸ್ಸಿಗೆ ಎತ್ತರ ಸಾಲದು, ತೂಕವಂತೂ ತೀರ ಕಡಿಮೆ. ತಪಾಸಣೆಯ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಬಿದ್ದಿತ್ತು.

ಒಂದು ದಿನ ನಾನೇ ಚಿಕ್ಕಿ ಮುರಿದು ಅವಳ ಕೈಗಿಟ್ಟು, "ನನ್ನ ಮುಂದನ ತಿನ್ನವಾ, ನೋಡೋಣ" ಎಂದೆ. "ಬ್ಯಾಡ್ರೀ ಸರ, ಹೊಟ್ಟಿ ತೊಳಸತೈತ್ರೀ" ಎಂದಳು. ಅದು ನೆಪವೆಂದು ನಾನು ಭಾವಿಸಿದೆ. ಇಡೀ ತರಗತಿ ನೋಡುತ್ತಿತ್ತು, ನನಗೂ ಹಟ ಬಂದಿತ್ತು. ಅವಳು ಕಣ್ಣು ಮುಚ್ಚಿ ನುಂಗಿದಳು. ಅರ್ಧ ತಾಸಿನೊಳಗೆ ಮುಖ ಬಿಳಿಚಿ, ಮೈಯೆಲ್ಲ ಬೆವರಿ, ಕೈ ನಡುಗಿ ವಾಂತಿ ಮಾಡಿಕೊಂಡಳು. ಬೆಂಚಿನ ಮೇಲೆ ಮಲಗಿಸಿ ನೀರು ಕುಡಿಸಿದೆವು. ಸಿಬ್ಬಂದಿ ಕೋಣೆಯಲ್ಲಿ ಆಡಿದ ಮಾತು ಒಂದೇ ಆಗಿತ್ತು: ಹುಡುಗಿ ಬೆರಳು ಹಾಕಿ ವಾಂತಿ ಮಾಡಿಕೊಂಡಿರಬೇಕು, ಈಗಿನ ಮಕ್ಕಳಿಗೆ ಮೊಬೈಲು ನೋಡಿ ತೆಳ್ಳಗಾಗುವ ಹುಚ್ಚು.

ಮನೆಯಲ್ಲಿ ಬೇರೆ ವಿವರಣೆಗಳಿದ್ದವು. ಜೈನರ ಬಾಹ್ಯ ತಪಸ್ಸುಗಳಲ್ಲಿ ರಸತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದು. ಊರಿಗೆ ಚಾತುರ್ಮಾಸಕ್ಕೆ ಬಂದ ಮಾತಾಜಿಯವರನ್ನು ನೋಡಿ ಮಗು ಸಿಹಿ ಬಿಟ್ಟಿರಬೇಕೆಂದು ದೊಡ್ಡಪ್ಪ ಹೆಮ್ಮೆಪಟ್ಟಿದ್ದರಂತೆ. ದೊಡ್ಡವ್ವನಿಗೆ ಗಾಳಿ ಸೋಕಿದ ಅನುಮಾನ. ತಾಯಿಗೆ ಮಾತ್ರ ಭಯ. ಕೊನೆಗೆ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಅಲ್ಲಿ ಆದದ್ದು ಎಲ್ಲಿಯೂ ಆಗಬಹುದಾದದ್ದು. ಹದಿಮೂರು ದಾಟಿದ ಹುಡುಗಿ, ಊಟಕ್ಕೆ ಹಿಂಜರಿಕೆ, ತೂಕ ಕಡಿಮೆ, ಊಟವಾದ ಮೇಲೆ ವಾಂತಿ, ಅಡಗಿಸುವ ಅಭ್ಯಾಸ. ಚೀಟಿಯ ಮೇಲೆ ಆಹಾರ ಸೇವನೆಗೆ ಸಂಬಂಧಿಸಿದ ಮನೋವ್ಯಾಧಿ ಎಂಬ ಒಕ್ಕಣೆ ಬಂತು. ಆಪ್ತಸಲಹೆಗೆ ಬರಬೇಕೆಂದರು. ಜತೆಗೆ ದಿನಕ್ಕೆ ಎರಡು ಬಾರಿ ಸಕ್ಕರೆ ಬೆರೆತ ಪೌಷ್ಟಿಕ ಪುಡಿ, ಹಸಿವು ಹೆಚ್ಚಿಸುವ ಸಿಹಿ ಟಾನಿಕ್ಕು. ತಾಯಿ ತಪ್ಪದೆ ಕುಡಿಸಿದಳು. ಹುಡುಗಿ ಎರಡು ತಿಂಗಳಲ್ಲಿ ಇನ್ನಷ್ಟು ಇಳಿದುಹೋದಳು.

ಉತ್ತರ ದೊರೆತದ್ದು ಮರುವರ್ಷ, ಒಬ್ಬ ತರುಣ ಮಕ್ಕಳ ವೈದ್ಯರಿಂದ. ಅವರು ಮಾಡಿದ್ದು ಬಹಳ ಸರಳ. "ಏನು ತಿನ್ನುವುದಿಲ್ಲ?" ಎಂದು ಎಲ್ಲರೂ ಕೇಳಿದ್ದರು. ಅವರು "ಏನು ಖುಷಿಯಿಂದ ತಿನ್ನುತ್ತೀ?" ಎಂದು ಕೇಳಿದರು. ಜೋಳದ ರೊಟ್ಟಿ, ಅನ್ನ, ತುಪ್ಪ, ಮೊಸರು, ಮೆಂತ್ಯ ಮತ್ತು ರಾಜಗಿರಿ ಸೊಪ್ಪಿನ ಪಲ್ಲೆ, ಸಕ್ಕರೆ ಹಾಕದ ಹಾಲು ಎಂದು ಅವಳು ಒಂದೊಂದಾಗಿ ಹೇಳಿದಳಂತೆ. ತೆಳ್ಳಗಾಗುವ ಆಸೆಯ ಹುಡುಗಿ ರೊಟ್ಟಿಯ ಮೇಲೆ ತುಪ್ಪ ಸುರಿದುಕೊಳ್ಳುತ್ತಾಳೆಯೇ? ವೈದ್ಯರು ಬಾಯಿ ತೆರೆಸಿ ನೋಡಿದರು. ಒಂದು ಹಲ್ಲೂ ಹುಳುಕಾಗಿರಲಿಲ್ಲ. ಬಳಿಕ ಅಜ್ಜಿಯನ್ನು ಕೂರಿಸಿಕೊಂಡು ಬಾಲ್ಯದ ಸಂಗತಿ ಕೇಳಿದರು. "ಸಣ್ಣಾಕಿ ಇದ್ದಾಗ ಜೇನು ನೆಕ್ಕಿಸಿದ್ರ ಕಾರ್ಕೋತಿದ್ಲರಿ. ಅವ್ವನ ಹಾಲ ಮ್ಯಾಲ ಬೆಳದಾಕಿ" ಎಂದರು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇವಳಿಗಿಂತ ಮೊದಲು ಹುಟ್ಟಿದ ಗಂಡುಮಗು ಎಂಟನೆಯ ತಿಂಗಳಲ್ಲಿ, ಮೇಲಿನ ಆಹಾರ ಶುರುಮಾಡಿದ ಮೇಲೆ, ವಾಂತಿ, ಕಾಮಾಲೆಯಾಗಿ ತೀರಿಹೋದದ್ದನ್ನೂ ಹೇಳಿದರು. ಹುಡುಗಿಯ ತಂದೆ ತಾಯಿ ಸೋದರತ್ತೆ ಸೋದರಮಾವನ ಮಕ್ಕಳು. ರಕ್ತವನ್ನು ಜೀನ್ ಪರೀಕ್ಷೆಗೆ ಕಳುಹಿಸಲಾಯಿತು. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ ಕಾಯಿಲೆಯ ಹೆಸರಿತ್ತು: ಆನುವಂಶಿಕ ಫ್ರಕ್ಟೋಸ್ ಅಸಹಿಷ್ಣುತೆ.

ಸಕ್ಕರೆ ಎಂದು ನಾವು ಕರೆಯುವ ವಸ್ತು ವಾಸ್ತವದಲ್ಲಿ ಜೋಡಿ ಅಣು. ಅದರ ಅರ್ಧ ಗ್ಲುಕೋಸ್, ಇನ್ನರ್ಧ ಫ್ರಕ್ಟೋಸ್. ಬೆಲ್ಲದಲ್ಲಿಯೂ ಪ್ರಧಾನವಾಗಿ ಇರುವುದು ಅದೇ. ಹಣ್ಣು ಮತ್ತು ಜೇನಿನಲ್ಲಿ ಫ್ರಕ್ಟೋಸ್ ಬಿಡಿಯಾಗಿಯೂ ಇರುತ್ತದೆ. ಸಣ್ಣ ಕರುಳಿನಲ್ಲಿ ಈ ಜೋಡಿ ಬೇರ್ಪಡುತ್ತದೆ. ಫ್ರಕ್ಟೋಸ್ ಮುಖ್ಯವಾಗಿ ಯಕೃತ್ತನ್ನು ಸೇರಿದಾಗ ಒಂದು ಕಿಣ್ವ ಅದಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆ. ಮುಂದೆ ಆಲ್ಡೊಲೇಸ್ ಬಿ ಎಂಬ ಮತ್ತೊಂದು ಕಿಣ್ವ ಅದನ್ನು ತುಂಡರಿಸಿ ಬಳಕೆಗೆ ಒದಗಿಸುತ್ತದೆ. ಈ ಎರಡನೆಯ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದಿದ್ದರೆ? ನಮ್ಮ ಸೀಮೆಯವರಿಗೆ ತಿಳಿಯುವಂತೆ ಹೇಳಬೇಕೆಂದರೆ, ಕಾರ್ಖಾನೆಯಲ್ಲಿ ಕಬ್ಬು ನುರಿಯುವುದು ನಡೆಯುತ್ತಲೇ ಇದೆ, ಆದರೆ ರಸ ಕುದಿಸುವ ವಿಭಾಗ ನಿಂತುಹೋಗಿದೆ. ಅರ್ಧಂಬರ್ಧ ಸರಕು ತುಂಬಿಕೊಂಡು ಎಲ್ಲ ಯಂತ್ರಗಳೂ ಕಟ್ಟಿಕೊಳ್ಳುತ್ತವೆ. ಜೀವಕೋಶದ ಫಾಸ್ಫೇಟೆಲ್ಲ ಅಲ್ಲಿಯೇ ಸಿಲುಕಿ ಕೋಶದ ಶಕ್ತಿ ಬತ್ತುತ್ತದೆ. ಯಕೃತ್ತು ತನ್ನ ದಾಸ್ತಾನಿನಿಂದ ಗ್ಲುಕೋಸನ್ನು ರಕ್ತಕ್ಕೆ ಬಿಡುವ ಕಾರ್ಯವೂ ನಿಲ್ಲುತ್ತದೆ. ಸಕ್ಕರೆ ತಿಂದ ಮೇಲೆ ರಕ್ತದ ಸಕ್ಕರೆ ಏರುವ ಬದಲು ಕುಸಿಯುವ ವಿಪರ್ಯಾಸ ಹೀಗೆ ಸಂಭವಿಸುತ್ತದೆ. ಅಂದು ಬೆಂಚಿನ ಮೇಲೆ ಮಲಗಿದ್ದ ಹುಡುಗಿಯ ಬೆವರು ಮತ್ತು ನಡುಕಕ್ಕೆ ಇದೇ ಕಾರಣ. ಫ್ರಕ್ಟೋಸ್ ಸೇವನೆ ಮುಂದುವರಿದರೆ ಬೆಳವಣಿಗೆ ಕುಂಠಿತವಾಗಿ, ಯಕೃತ್ತೂ ಮೂತ್ರಪಿಂಡವೂ ಕೆಡುತ್ತವೆ. ಮೊಲೆಹಾಲಿನಲ್ಲಿ ಫ್ರಕ್ಟೋಸ್ ಇಲ್ಲವಾದ್ದರಿಂದ ತಾಯಿಯ ಹಾಲು ಕುಡಿಯುವವರೆಗೆ ಮಗು ಕ್ಷೇಮ. ಅಪಾಯ ಆರಂಭವಾಗುವುದು ಮೊದಲ ಜೇನು, ಮೊದಲ ಹಣ್ಣು, ಮೊದಲ ಸಿಹಿ ಗಂಜಿಯಿಂದ.

ಈ ಕಾಯಿಲೆ ವೈದ್ಯಲೋಕದ ಗಮನಕ್ಕೆ ಬಂದದ್ದೂ ಒಬ್ಬ ಯುವತಿಯ ಮಾತಿನಿಂದಲೇ. ಹಣ್ಣು ಅಥವಾ ಸಕ್ಕರೆ ತಿಂದರೆ ಸಂಕಟವಾಗುತ್ತದೆಂದು ಹೇಳುತ್ತಿದ್ದ 24 ವರ್ಷದ ಹೆಣ್ಣುಮಗಳೊಬ್ಬಳ ವೃತ್ತಾಂತವನ್ನು ಚೇಂಬರ್ಸ್ ಮತ್ತು ಪ್ರ್ಯಾಟ್ ಎಂಬ ವೈದ್ಯರು 1956ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಜ್ಯೂರಿಚ್‌ನಲ್ಲಿ ಫ್ರೋಶ್ ಮತ್ತು ಸಂಗಡಿಗರು ಇದು ಕುಟುಂಬದಲ್ಲಿ ಹರಿದು ಬರುವ ದೋಷವೆಂದು ಗುರುತಿಸಿದರು. ಯಕೃತ್ತಿನ ಯಾವ ಕಿಣ್ವ ಸೋತಿದೆ ಎಂಬುದು 1961ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರಿಂದ ಖಚಿತವಾಯಿತು. ಯುರೋಪಿನಲ್ಲಿ ಸುಮಾರು ಇಪ್ಪತ್ತು ಸಾವಿರ ಜನನಗಳಿಗೆ ಒಂದು ಎಂಬುದು ಸಾಮಾನ್ಯ ಅಂದಾಜು. ಭಾರತದಲ್ಲಿ ಇದು ಇಲ್ಲವೆಂದೇನಲ್ಲ. ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯ ತಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಸಮುದಾಯದ ಹಲವು ಕುಟುಂಬಗಳಲ್ಲಿ ಒಂದೇ ಬಗೆಯ ಜೀನ್ ದೋಷ ಮತ್ತೆ ಮತ್ತೆ ಕಂಡುಬಂದುದನ್ನು ದಾಖಲಿಸಿದ್ದಾರೆ.

ಈ ಕಾಯಿಲೆಯ ವಿಶೇಷವೆಂದರೆ, ಶೈಶವವನ್ನು ದಾಟಿ ಬದುಕಿದ ಮಕ್ಕಳು ತಮಗೆ ತಾವೇ ವೈದ್ಯರಾಗುತ್ತಾರೆ. ಯಾವುದು ಸಂಕಟ ತರುತ್ತದೋ ಅದನ್ನು ನಾಲಗೆ ಗುರುತು ಹಿಡಿಯುತ್ತದೆ. ಅಂಥ ಮಕ್ಕಳು ಸಿಹಿಯ ವಾಸನೆಗೇ ಹಿಂದೆ ಸರಿಯುತ್ತಾರೆ. ಹಲ್ಲು ಹುಳುಕಾಗದೆ ಉಳಿಯುವುದು ಅದರ ಫಲ. ನಮ್ಮ ಹುಡುಗಿಗೆ ಇನ್ನೊಂದು ರಕ್ಷಣೆಯೂ ಇತ್ತೆಂದು ನನಗೆ ಆಮೇಲೆ ಹೊಳೆಯಿತು. ಕಟ್ಟುನಿಟ್ಟಾಗಿ ಆಚರಿಸುವ ಜೈನರ ಮನೆಯಲ್ಲಿ ಉಳ್ಳಾಗಡ್ಡಿ, ಗಜ್ಜರಿ, ಬೀಟ್‌ರೂಟ್, ಗೆಣಸು ಒಲೆ ಏರುವುದಿಲ್ಲ. ಫ್ರಕ್ಟೋಸ್ ಒಗ್ಗದವರು ದೂರವಿಡಬೇಕಾದ ತರಕಾರಿಗಳೂ ಇವೇ. ಮನೆತನದ ಧರ್ಮ ತನಗರಿಯದೆಯೇ ಅವಳನ್ನು ಕಾಪಾಡಿತ್ತು. ಅಪಾಯಕ್ಕೆ ದೂಡಿದ್ದು ನಮ್ಮ ಶಾಲೆಯ ಅಕ್ಕರೆ ಮತ್ತು ಆಸ್ಪತ್ರೆಯ ಚೀಟಿ.

ಹಾಗಾದರೆ ಹದಿಹರೆಯದಲ್ಲಿಯೇ ಇದು ಮನೋವ್ಯಾಧಿಯಂತೆ ತೋರಿದ್ದೇಕೆ? ಸಣ್ಣ ಮಗು ಏನನ್ನಾದರೂ ಒಲ್ಲೆ ಎಂದರೆ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಾರೆ, ತಾಯಿ ಬೇರೆ ಎತ್ತಿಡುತ್ತಾಳೆ. ಹನ್ನೆರಡು ದಾಟಿದ ಮೇಲೆ ಹುಡುಗಿ ಮನೆಯ ಹೊರಗೆ ಉಣ್ಣತೊಡಗುತ್ತಾಳೆ. ಶಾಲೆಯ ಪಂಕ್ತಿ, ಗೆಳತಿಯ ಹುಟ್ಟುಹಬ್ಬ, ಬೀಗರ ಮನೆಯ ಚಹಾ ಎಲ್ಲದರಲ್ಲಿಯೂ ಸಕ್ಕರೆಯಿದೆ. ಬೇಡವೆಂದರೆ ಬೈಗುಳ, ತಿಂದರೆ ವಾಂತಿ. ಆದ್ದರಿಂದ ಅವಳು ಅಡಗಿಸುತ್ತಾಳೆ, ಸುಳ್ಳು ಹೇಳುತ್ತಾಳೆ, ಕೊನೆಗೆ ಊಟದ ಹೊತ್ತಿಗೇ ಅಂಜುತ್ತಾಳೆ. ಪುಸ್ತಕದಲ್ಲಿ ಅನೊರೆಕ್ಸಿಯಾ ಅಥವಾ ಬುಲಿಮಿಯಾದ ಲಕ್ಷಣಗಳೆಂದು ಬರೆದಿರುವ ಹಲವು ನಡವಳಿಕೆಗಳು ಹೀಗೆ ಒಂದೊಂದಾಗಿ ಕೂಡಿಕೊಳ್ಳುತ್ತವೆ. ನೋಡುವವರಿಗೆ ಕಾಣುವುದು ನಡವಳಿಕೆ ಮಾತ್ರ.

ಫ್ರಕ್ಟೋಸ್ ಒಂದೇ ಅಲ್ಲ. ಯೂರಿಯಾ ಚಕ್ರದ ದೋಷಗಳೆಂಬ ಇನ್ನೊಂದು ಗುಂಪಿದೆ. ಆಹಾರದ ಪ್ರೋಟೀನು ಒಡೆದಾಗ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸಿ ಹೊರಹಾಕಬೇಕು. ಆ ಕಾರ್ಯದ ಒಂದು ಕಿಣ್ವ ದುರ್ಬಲವಾಗಿದ್ದರೆ ಅಮೋನಿಯಾ ರಕ್ತದಲ್ಲಿ ಏರಿ ಮಿದುಳಿಗೆ ವಿಷವಾಗುತ್ತದೆ. ಇವುಗಳಲ್ಲಿ ಹೆಚ್ಚು ಕಾಣುವ ಒಟಿಸಿ ಕೊರತೆಯ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ತೀವ್ರ ದೋಷವಿರುವ ಗಂಡುಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ಮರಣದ ಅಂಚಿಗೆ ಬರುತ್ತಾರೆ. ಹೆಣ್ಣುಮಕ್ಕಳಲ್ಲಿ ಅದೇ ದೋಷ ಅರೆಬರೆಯಾಗಿದ್ದು, ಹದಿಹರೆಯದಲ್ಲಿ ಅಥವಾ ಹೆರಿಗೆಯ ನಂತರ ತಲೆಯೆತ್ತಬಹುದು. ಇವರು ಬೇಳೆ, ಮೊಟ್ಟೆ, ಮಾಂಸ, ಹಾಲನ್ನು ದೂರವಿಡುತ್ತಾರೆ. ಆಗಾಗ ವಾಂತಿ, ತೂಕಡಿಕೆ, ಸಿಡಿಮಿಡಿ, ಮಾತು ತಡವರಿಸುವುದು. ಇಂಥವರನ್ನು ನೇರವಾಗಿ ಮನೋವೈದ್ಯರ ಬಳಿಗೆ ಕಳುಹಿಸುವುದು ಸುಲಭ. ಆದರೆ ಶಕ್ತಿ ಬರಲೆಂದು ಒಮ್ಮೆಲೇ ಹೆಚ್ಚು ಪ್ರೋಟೀನು ಉಣಿಸಿದರೆ ಅವರು ಪ್ರಜ್ಞೆ ತಪ್ಪುವ ಸ್ಥಿತಿಗೆ ಹೋಗಬಹುದು. ದೀರ್ಘ ಉಪವಾಸವೂ ಇವರಿಗೆ ಕೇಡು, ಏಕೆಂದರೆ ಆಗ ದೇಹ ತನ್ನದೇ ಮಾಂಸಖಂಡದ ಪ್ರೋಟೀನನ್ನು ಒಡೆಯತೊಡಗುತ್ತದೆ. ರಕ್ತದ ಅಮೋನಿಯಾ ಪರೀಕ್ಷೆಯೊಂದು ದಾರಿ ತೋರಬಲ್ಲದು. ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಬೇಗನೆ ಪರೀಕ್ಷಿಸಬೇಕು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆಹಾರಕ್ಕೆ ಸಂಬಂಧಿಸಿದ ಮನೋವ್ಯಾಧಿಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ಅನೊರೆಕ್ಸಿಯಾ ನಿಜವಾದ, ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ. ಅದು ಪಟ್ಟಣದ ಶ್ರೀಮಂತರ ಮನೆಗಷ್ಟೇ ಸೀಮಿತವಲ್ಲ. ಅದಕ್ಕೆ ಚಿಕಿತ್ಸೆ ಬೇಕು, ನಾಚಿಕೆ ಬೇಡ. ಒಂದು ತಪ್ಪನ್ನು ತಿದ್ದಲು ಹೋಗಿ ಮತ್ತೊಂದು ತಪ್ಪು ಮಾಡಬಾರದು. ಅಪರೂಪದ ಚಯಾಪಚಯ ದೋಷಗಳಿಗಿಂತ ಮನೋವ್ಯಾಧಿಯೇ ಹೆಚ್ಚು ಸಾಮಾನ್ಯ ಎಂಬುದೂ ನಿಜ. ಎರಡೂ ಒಟ್ಟಿಗೆ ಇರಬಹುದು ಎಂಬುದು ಇನ್ನೂ ನಿಜ. ವರ್ಷಗಟ್ಟಲೆ ತಿಂದದ್ದೆಲ್ಲ ಸಂಕಟವಾದ ಮಗುವಿನ ಮನಸ್ಸಿನಲ್ಲಿ ಊಟದ ಭಯ ಬೇರೂರುವುದು ಸಹಜ. ನಮ್ಮ ಹುಡುಗಿಗೂ ಆಪ್ತಸಲಹೆ ಬೇಕಾಯಿತು, ಆದರೆ ಕಾಯಿಲೆಯ ಹೆಸರು ತಿಳಿದ ನಂತರ ಅದು ಫಲ ಕೊಟ್ಟಿತು.

ಎರಡನ್ನು ಬೇರ್ಪಡಿಸಲು ಕೆಲವು ಪ್ರಶ್ನೆಗಳು ನೆರವಾಗುತ್ತವೆ. ನಿರಾಕರಣೆ ಎಲ್ಲ ಆಹಾರಕ್ಕೋ, ಒಂದೇ ಜಾತಿಯ ಆಹಾರಕ್ಕೋ? ಅದು ಹದಿನಾಲ್ಕರಲ್ಲಿ ಶುರುವಾಯಿತೋ, ಮೇಲಿನ ಆಹಾರ ಕೊಡತೊಡಗಿದ ದಿನದಿಂದ ಇದೆಯೋ? ದಪ್ಪಗಾಗುವ ಭಯವಿದೆಯೋ, ಹೊಟ್ಟೆನೋವಿನ ಭಯವೋ? ನಿರ್ದಿಷ್ಟ ತಿನಿಸಿನ ನಂತರ ಬೆವರು, ನಡುಕ, ಮಂಪರು ಬರುತ್ತದೆಯೇ? ಕುಟುಂಬದಲ್ಲಿ ಕಾರಣ ತಿಳಿಯದೆ ತೀರಿಹೋದ ಕೂಸುಗಳಿವೆಯೇ? ತಂದೆ ತಾಯಿ ರಕ್ತಸಂಬಂಧಿಗಳೇ? ಇವುಗಳಿಗೆ ಯಂತ್ರ ಬೇಕಿಲ್ಲ, ಹತ್ತು ನಿಮಿಷದ ಸಮಾಧಾನ ಸಾಕು. ಆದರೆ ಯಾರೂ ಮನೆಯಲ್ಲಿ ಸಿಹಿ ತಿನ್ನಿಸಿ ಪರೀಕ್ಷೆ ಮಾಡಲು ಹೋಗಬಾರದು. ನಾನು ಅಂದು ಅರಿವಿಲ್ಲದೆ ಮಾಡಿದ್ದು ಅದನ್ನೇ. ಫ್ರಕ್ಟೋಸ್ ಒಗ್ಗದವರಿಗೆ ಅಂಥ ಪರೀಕ್ಷೆ ಪ್ರಾಣಾಪಾಯ ತರಬಲ್ಲದು. ಸಂಶಯ ಬಂದರೆ ಫ್ರಕ್ಟೋಸನ್ನು ನಿಲ್ಲಿಸಿ ಜೀನ್ ಪರೀಕ್ಷೆಗೆ ಹೋಗುವುದೇ ಸುರಕ್ಷಿತ ದಾರಿ.

ರಕ್ತಸಂಬಂಧದ ಪ್ರಶ್ನೆ ನಮ್ಮಲ್ಲಿ ಸೂಕ್ಷ್ಮವಾದದ್ದು. ಫ್ರಕ್ಟೋಸ್ ದೋಷ ತಲೆದೋರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬರಬೇಕು. ಒಂದೇ ಪ್ರತಿ ಹೊತ್ತವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ಅದು ಗೊತ್ತೂ ಇರುವುದಿಲ್ಲ. ಅಂಥ ಇಬ್ಬರು ದಂಪತಿಗಳಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಂಭವ. ಇಬ್ಬರೂ ಒಂದೇ ಅಜ್ಜ ಅಜ್ಜಿಯ ಕುಡಿಗಳಾಗಿದ್ದರೆ ಒಂದೇ ದೋಷವನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಇಂಥ ದೋಷಗಳಿಗೂ ದಾಯಾದಿ ವಿವಾಹಕ್ಕೂ ಇರುವ ನಂಟನ್ನು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿಯೇ ಗಮನಿಸಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ರಕ್ತಸಂಬಂಧದಲ್ಲಿಯೇ ಮದುವೆಯಾದವರು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದರ ಹಿಂದೆ ಹೊಲ ಒಡೆಯಬಾರದು, ಮಗಳು ಕಣ್ಣೆದುರಿಗಿರಬೇಕು ಎಂಬ ಲೆಕ್ಕಾಚಾರಗಳಿವೆ. ಇಂಥ ಮದುವೆಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದುದರಿಂದ ದೂಷಿಸುವ ಮಾತು ಬೇಡ. ಬೇಕಾದದ್ದು ವೈದ್ಯರು ಕೇಳುವುದು, ಮನೆಯವರು ಮುಚ್ಚಿಡದೆ ಹೇಳುವುದು. ಈ ಹುಡುಗಿಯ ತಾಯಿ ಮಗನನ್ನು ಕಳೆದುಕೊಂಡ ಸಂಗತಿಯನ್ನು ಆಸ್ಪತ್ರೆಯಲ್ಲಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಹೇಳಿದರೆ ತನ್ನ ಒಡಲನ್ನೇ ಜರಿಯುತ್ತಾರೆಂಬ ಅಂಜಿಕೆಯೂ ಅವಳಿಗಿತ್ತು.

ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವೇನಲ್ಲ. 1980ರ ದಶಕದಲ್ಲಿಯೇ ಇಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಲಾಗಿತ್ತು. ದೇಶದಲ್ಲಿ ಇಂಥ ಕೆಲಸ ಆಗ ತೀರ ಹೊಸತು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಉತ್ಕೃಷ್ಟತಾ ಕೇಂದ್ರವೆಂಬ ಮನ್ನಣೆ ಪಡೆದಿವೆ. ಯೂರಿಯಾ ಚಕ್ರದ ದೋಷಗಳು ಆ ನೀತಿಯ ಪಟ್ಟಿಯಲ್ಲಿಯೂ ಇವೆ. ಆದರೆ ಅಥಣಿಯಿಂದ ಬೆಂಗಳೂರು ಹತ್ತಿರ ಹತ್ತಿರ ಆರುನೂರು ಕಿಲೋಮೀಟರ್. ನಮ್ಮ ಜನ ಕಾಯಿಲೆ ಬಿದ್ದರೆ ಮೀರಜ, ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಕಡೆ ಮುಖ ಮಾಡುವವರು. ಅಲ್ಲಿ ಮಗುವಿನ ಚರಿತ್ರೆ ಒಂದು ಭಾಷೆಯಲ್ಲಿ, ಚೀಟಿ ಇನ್ನೊಂದು ಭಾಷೆಯಲ್ಲಿ. ರಾಜ್ಯದ ಗಡಿ ದಾಟಿದಾಗ ದಾಖಲೆಗಳ ಕೊಂಡಿಯೂ ಕಳಚಿಬೀಳುತ್ತದೆ.

ಹೀಗಿರುವಾಗ ದೊಡ್ಡ ಯೋಜನೆಗಳಿಗೆ ಕಾಯುವುದಕ್ಕಿಂತ ಇರುವುದನ್ನೇ ಬಳಸಿಕೊಳ್ಳುವುದು ಜಾಣತನ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ತೂಕ ಕಡಿಮೆಯಿರುವ ಮಗುವಿಗೆ ಅವರು ಮೇಲಿನ ಐದಾರು ಪ್ರಶ್ನೆಗಳನ್ನು ಕೇಳಿದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಯಂತ್ರ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಇದೆ. ಮಗು ಬೆವರಿ ನಡುಗುವ ಹೊತ್ತಿನಲ್ಲಿಯೇ ಅದನ್ನು ಬಳಸಬೇಕು. ರಕ್ತದ ಅಮೋನಿಯಾ ಪರೀಕ್ಷೆ ಜಿಲ್ಲಾ ಮಟ್ಟದಲ್ಲಾದರೂ ದಿನದ ಎಲ್ಲ ಹೊತ್ತಿನಲ್ಲಿ ದೊರೆಯಬೇಕು. ಆಹಾರದ ಮನೋವ್ಯಾಧಿ ಎಂದು ಬರೆಯುವ ಮೊದಲು ಯಕೃತ್ತು, ರಕ್ತದ ಸಕ್ಕರೆ, ಅಮೋನಿಯಾ ನೋಡುವುದು ಕಡ್ಡಾಯವೆನಿಸಬೇಕು. ಶಾಲೆಗಳಲ್ಲಿ ಒಂದು ತಿನಿಸನ್ನು ಬೇಡವೆನ್ನುವ ಮಗುವಿಗೆ ಬಲವಂತ ಮಾಡದೆ ತಂದೆ ತಾಯಿಯರನ್ನು ಕರೆಸಿ ಮಾತನಾಡುವ ಪದ್ಧತಿ ಬರಬೇಕು. ಔಷಧಿಯ ಸಿರಪ್ಪುಗಳಲ್ಲಿ ಸಕ್ಕರೆ ಅಥವಾ ಸಾರ್ಬಿಟಾಲ್ ಇರುತ್ತದ್ದಾದರೆ ಅದನ್ನು ಬಾಟಲಿಯ ಮೇಲೆ ಕನ್ನಡದಲ್ಲಿಯೂ ಕಾಣುವಂತೆ ಮುದ್ರಿಸುವುದು ಅಸಾಧ್ಯವೇನಲ್ಲ. ಸಾರ್ಬಿಟಾಲ್ ದೇಹದೊಳಗೆ ಫ್ರಕ್ಟೋಸ್ ಆಗಿಯೇ ಮಾರ್ಪಡುತ್ತದೆಂಬುದು ಎಷ್ಟು ಮನೆಗಳಿಗೆ ಗೊತ್ತು?

ಈ ಕಾಯಿಲೆಗೆ ಮದ್ದಿಲ್ಲ, ಆದರೆ ಮದ್ದಿನ ಅಗತ್ಯವೂ ಹೆಚ್ಚಿಲ್ಲ ಎಂಬುದು ಇಡೀ ಪ್ರಸಂಗದ ಅತಿ ದೊಡ್ಡ ವ್ಯಂಗ್ಯ. ಸಕ್ಕರೆ, ಬೆಲ್ಲ, ಜೇನು, ಹಣ್ಣು, ಸಾರ್ಬಿಟಾಲ್ ಬಿಟ್ಟು, ಹಣ್ಣಿಲ್ಲದ ಕೊರತೆಗೆ ಸಿ ಜೀವಸತ್ವದ ಮಾತ್ರೆ ನುಂಗಿ, ಯಕೃತ್ತಿನ ತಪಾಸಣೆ ಮಾಡಿಸಿಕೊಳ್ಳುತ್ತಿದ್ದರೆ ಪೂರ್ಣಾಯುಷ್ಯ ಬದುಕಬಹುದು. ಹುಡುಗಿ ಹದಿಮೂರು ವರ್ಷ ತಾನಾಗಿಯೇ ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೆನೋ. ಊಟ ಬಲ್ಲ ಒಬ್ಬಳು ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಳು. ಅವಳ ಮಾತನ್ನು ನಾನು ಹಟವೆಂದು ಓದಿದೆ.

ಅವಳೀಗ ಪಿಯುಸಿ ಓದುತ್ತಿದ್ದಾಳೆ. ಎತ್ತರ ತುಸು ಕಡಿಮೆಯೇ ಉಳಿಯಿತು, ತೂಕ ಸರಿಯಾಗಿದೆ. ಮನೆಗೆ ಹೋಗಿ ತಪ್ಪಾಯಿತೆಂದು ನಾನು ಹೇಳಿದಾಗ ಅವಳ ತಾಯಿಯೇ ಅಡ್ಡ ಬಂದು, "ನಮಗ ಗೊತ್ತಿರಲಿಲ್ರೀ ಸರ, ನಿಮಗ ಹ್ಯಾಂಗ ಗೊತ್ತಾಗಬೇಕ್ರಿ" ಎಂದರು. ದೊಡ್ಡ ಮನಸ್ಸಿನ ಮಾತು. ಆದರೆ ನನಗೆ ಗೊತ್ತಾಗಬಹುದಿತ್ತು. ಹೊಟ್ಟೆ ತೊಳಸುತ್ತದೆಂದು ಅವಳು ಹೇಳಿದ್ದಳು. ಸಂಕ್ರಾಂತಿಗೆ ಆ ಮನೆಯಲ್ಲಿ ಈಗ ಎರಡು ತಟ್ಟೆ ಇಡುತ್ತಾರೆ. ಒಂದರಲ್ಲಿ ಕುಸುರೆಳ್ಳು, ಇನ್ನೊಂದರಲ್ಲಿ ಬರಿಯ ಹುರಿದ ಎಳ್ಳು. ಬಂದವರಿಗೆ ಕಾರಣವನ್ನು ಅಜ್ಜಿ ವಿವರಿಸುತ್ತಾರೆ, ಮೊಮ್ಮಗನನ್ನು ಕಳೆದುಕೊಂಡ ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತಾರೆ.

ಈ ಐದು ತಾಲ್ಲೂಕುಗಳಲ್ಲಿ, ಇಂಥದೇ ಬೇರೆ ಸೀಮೆಗಳಲ್ಲಿ, ಹಟಮಾರಿ ಎನಿಸಿಕೊಂಡು ಬೈಗುಳ ತಿನ್ನುತ್ತಿರುವ ಮಕ್ಕಳು ಇನ್ನೂ ಇರಬಹುದು. ಬೇಡವೆನ್ನುವ ಮಗುವನ್ನು ಬೈಯುವ ಮೊದಲು ಏಕೆ ಬೇಡ ಎಂದು ಕೇಳಿ, ಬಂದ ಉತ್ತರವನ್ನು ನಂಬಿ ಒಮ್ಮೆ ವೈದ್ಯರಿಗೆ ತೋರಿಸೋಣ. ನಾವು ಮಾಡಬೇಕಾದದ್ದರಲ್ಲಿ ಮೊದಲನೆಯದು ಅಷ್ಟೇ.